ಡಂಬೆಲ್ ನೆಲದ ಮೇಲೆ ಯಾರಿಟ್ಟರು?

ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ ನಾವು ಫಿಸಿಯೋಗಳು ನಡೆಸುವ ವ್ಯಾಯಾಮದ ಗ್ರೂಪ್ ಕ್ಲಾಸಿನಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಎರಡು ಸೆಟ್‌ಗಳ ನಡುವೆ. ಮೊನ್ನೆಯೂ ಅಷ್ಟೇ. ಕುರ್ಚಿಯಿಂದ ಎದ್ದು ಕೂರುವ ಸೆಟ್ ಚೆನ್ನಾಗಿಯೇ ಮುಗಿಸಿದ ಹಿರಿಯರೊಬ್ಬರು, ಪಕ್ಕದಲ್ಲಿ ನೆಲಕ್ಕಿಟ್ಟಿದ್ದ ಮೂರು ಕೆಜಿ ಡಂಬೆಲನ್ನು ಸೊಂಟ ತಿರುಗಿಸಿಕೊಂಡೇ ಬಗ್ಗಿ ಎತ್ತಿದರು. ಅರ್ಧಕ್ಕೇ ನಿಂತುಬಿಟ್ಟರು.

"ಏನಿಲ್ಲ ಬಿಡಿ ಮೇಡಂ, ಹಿಡ್ಕೊಂಡಿದೆ" ಅಂತ ನಗು. ಹಣೆಯಲ್ಲಿ ಮಾತ್ರ ಬೆವರು.

ರೆಫರಲ್ ಸ್ಲಿಪ್‌ನಲ್ಲಿದ್ದದ್ದು: ಸಿಎ ಪ್ರಾಸ್ಟೇಟ್ (ಪ್ರಾಸ್ಟೇಟ್ ಕ್ಯಾನ್ಸರ್), ಎಡಿಟಿ (ಟೆಸ್ಟೋಸ್ಟಿರೋನ್ ಇಳಿಸುವ ಹಾರ್ಮೋನ್ ಚಿಕಿತ್ಸೆ), ಫಿಟ್ ಫಾರ್ ಎಕ್ಸರ್‌ಸೈಜ್. ಕ್ಯಾನ್ಸರ್ ಮೂಳೆಗೆ ಹರಡಿದೆಯೇ ಎಂದು ನೋಡುವ ಬೋನ್ ಸ್ಕ್ಯಾನ್ ಸುದ್ದಿಯೇ ಇಲ್ಲ.

ಇಬ್ಬರು ಹಿಡಿದು, ಬೆನ್ನು ತಿರುಚದ ಹಾಗೆ ಮಲಗಿಸಿದೆವು. ಎರಡೂ ಪಾದಗಳ ಬಲ ಸಮವಿದೆಯೇ, ಕಾಲು ಜೋಮು ಹಿಡಿದಿದೆಯೇ, ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗುತ್ತದೆಯೇ, ಮೂತ್ರ ಕಟ್ಟಿದೆಯೇ, ಎಲ್ಲ ಕೇಳಿ ನೋಡಿದ್ದಾಯಿತು. ಇದರಲ್ಲಿ ಹೊಸದಾಗಿ ಒಂದು ಕೆಟ್ಟಿದ್ದರೂ ಬೆನ್ನುಹುರಿ ಒತ್ತಿಕೊಂಡಿದೆ ಎಂದೇ ಹಿಡಿದು ಅವತ್ತೇ ಎಂಆರ್‌ಐ ಮಾಡಿಸಬೇಕು. ಶಾಖ, ಮಸಾಜು ಎಂದು ಹೊತ್ತು ಕಳೆಯುವ ಹಾಗಿಲ್ಲ. ಅವರಿಗೆ ಎಲ್ಲ ಸರಿಯಿತ್ತು. ಟ್ರಾಲಿಗೆ ಕಾಯುವಾಗ ಮನೆಯವರ ಚೀಲದಿಂದ ಹಳೆಯ ರಿಪೋರ್ಟ್ ಹೊರಬಿತ್ತು: ಎಲ್-3ರಲ್ಲಿ, ಅಂದರೆ ಸೊಂಟದ ಭಾಗದ ಬೆನ್ನುಮೂಳೆಯಲ್ಲಿ, ಡೆಪಾಸಿಟ್ (ಹರಡಿದ ಕ್ಯಾನ್ಸರ್).

ಹಾಗಂತ "ವಾಕಿಂಗ್ ಸಾಕು, ಭಾರ ಬೇಡ" ಅನ್ನುವ ಡಾಕ್ಟರ ಮಾತೂ ಅರ್ಧ ಸತ್ಯ. ಹಾರ್ಮೋನ್ ಇಂಜೆಕ್ಷನ್ ಟೆಸ್ಟೋಸ್ಟಿರೋನ್ ಇಳಿಸಿದಾಗ ಸ್ನಾಯು ಕರಗುತ್ತದೆ, ಬೊಜ್ಜು ಏರುತ್ತದೆ, ಮೂಳೆ ಸವೆಯುತ್ತದೆ. ಬರೀ ನಡಿಗೆ ಸ್ನಾಯುವನ್ನು ಉಳಿಸುವುದಿಲ್ಲ. ವಾರಕ್ಕೆ ಎರಡು ದಿನ ಭಾರ, ಒಂದೊಂದು ವ್ಯಾಯಾಮವೂ 8ರಿಂದ 15ರಷ್ಟು ಸಲ, ಎರಡು ಸೆಟ್. ಜೊತೆಗೆ ವಾರಕ್ಕೆ ಮೂರು ದಿನ 30 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಅನ್ನುವಷ್ಟು ಏದುಸಿರಿನ ನಡಿಗೆ. ಡೆನ್ಮಾರ್ಕ್‌ನಲ್ಲಿ ಇದೇ ಚಿಕಿತ್ಸೆಯಲ್ಲಿದ್ದ ಗಂಡಸರಿಗೆ ಫುಟ್‌ಬಾಲ್ ಆಡಿಸಿದ್ದರು, 12 ವಾರಕ್ಕೆ ಸ್ನಾಯು ಹೆಚ್ಚಿತ್ತು. ಆಟದಲ್ಲಿ ಪೆಟ್ಟೂ ಬಿದ್ದಿತ್ತು ಅನ್ನಿ.

ಡೆಪಾಸಿಟ್ ಎಲ್ಲಿದೆಯೋ ಅದಕ್ಕೆ ತಕ್ಕ ಬದಲಾವಣೆ ಬೇಕು. ಸೊಂಟದ ಭಾಗದ ಬೆನ್ನುಮೂಳೆಯಲ್ಲಿದ್ದರೆ ಬಗ್ಗುವುದು, ತಿರುಚುವುದು, ಕ್ರಂಚ್ ಎಲ್ಲ ಬಂದ್. ತೊಡೆಮೂಳೆಯ ಕುತ್ತಿಗೆಯಲ್ಲಿದ್ದರೆ ಒಂಟಿಕಾಲಲ್ಲಿ ನಿಲ್ಲಿಸಬಾರದು. ನಡಿಗೆಯ ಬದಲು ಸೈಕಲ್, ಅದೂ ಆರ್ಥೋದವರು (ಮೂಳೆ ಡಾಕ್ಟರು) ನೋಡಿದ ಮೇಲೆ. ಎಲ್ಲರಿಗೂ ಅನ್ವಯಿಸುವುದು ಒಂದೇ: ಡಂಬೆಲ್ ಇರಬೇಕಾದ್ದು ಟೇಬಲ್ ಮೇಲೆ, ಸೊಂಟದ ಎತ್ತರದಲ್ಲಿ.

ಪ್ರಾಸ್ಟೇಟ್ ತೆಗೆಯುವ ಆಪರೇಷನ್ ಆದವರದು ಬೇರೆ ಗೋಳು. ಎದ್ದೇಳುವಾಗ ಉಸಿರು ಬಿಗಿಹಿಡಿದರೆ ಹೊಟ್ಟೆಯ ಒತ್ತಡ ಏರಿ ಮೂತ್ರ ಸೋರುತ್ತದೆ. ಮೊದಲು ಮೂತ್ರ ತಡೆಯುವ ಹಾಗೆ ಬಿಗಿ, ಆಮೇಲೆ ಉಸಿರು ಬಿಡುತ್ತಾ ಎದ್ದೇಳು, ಈ ಕ್ರಮ ರೂಢಿಯಾಗಬೇಕು. ಕ್ಯಾಥೆಟರ್ (ಮೂತ್ರದ ಕೊಳವೆ) ಇರುವಷ್ಟು ದಿನ ಈ ಬಿಗಿಯುವ ವ್ಯಾಯಾಮ ಬೇಡ.

ಇನ್ನು ಸಪೋರ್ಟ್ ಗ್ರೂಪ್. ದುಂಡಗೆ ಕೂರಿಸಿ "ನಿಮ್ಮ ಕಷ್ಟ ಹೇಳಿ" ಅಂದರೆ ಯಾವ ಗಂಡಸೂ ಬಾಯಿಬಿಡುವುದಿಲ್ಲ. ಜೋಡಿಯಾಗಿ ಕಾರಿಡಾರ್‌ನಲ್ಲಿ ನಡೆಸಿ ನೋಡಿ, ಎರಡನೇ ಸುತ್ತಿಗೆ ಸೋರುವುದಕ್ಕೆ ಯಾವ ಪ್ಯಾಡ್, ಎಷ್ಟು ರೇಟು ಎಂದು ಶುರುವಾಗುತ್ತದೆ. ಮ್ಯಾನೇಜ್‌ಮೆಂಟ್‌ಗೆ ಇದು ಗೊತ್ತಿಲ್ಲ. ಕೌನ್ಸೆಲಿಂಗ್ ಹಾಲ್‌ಗೆ ಹೊಸ ಸೋಫಾ ಬಂದಿದೆ.

ಫಿಸಿಯೋ ಲಾಗಿನ್‌ನಲ್ಲಿ ಮಾತ್ರ ಸ್ಕ್ಯಾನ್ ರಿಪೋರ್ಟ್ ಇಂದಿಗೂ ತೆರೆಯುವುದಿಲ್ಲ. ಐಟಿಯವರ ಟಿಕೆಟ್ "ಪೆಂಡಿಂಗ್". ಅಲ್ಲಿಯವರೆಗೆ ಫೈಲ್ ತರದೆ ಬಂದವರಿಗೆ ಡಂಬೆಲ್ ಇಲ್ಲ, ಕುರ್ಚಿಯಲ್ಲಿ ಕೂತು ಪಾದ ಆಡಿಸುವುದಷ್ಟೇ.