ಡಿಂಗ್‌ಲಿಂಗ್‌ಗೆ ಹೋಗಬೇಕೇ?

16 ಸೆಪ್ಟೆಂಬರ್ 2025, ಮಂಗಳವಾರ

ಚೀನಾದ ರಾಷ್ಟ್ರೀಯ ದಿನದ ರಜೆಯ ಜನಜಂಗುಳಿ ಕರಗಿದ ಮೇಲೆ, ಅಲ್ಲಿನ ಚಕ್ರವರ್ತಿಗಳ ಸಮಾಧಿಗಳನ್ನು ನೋಡಲು ಅಕ್ಟೋಬರ್ ಕೊನೆಯಲ್ಲಿ ಹೊರಡುವುದೆಂದು ನಿಶ್ಚಯವಾಗಿದೆ. ಬೀಜಿಂಗ್‌ಗೆ ಸ್ವಲ್ಪ ಸಮಯ, ಷಿಯಾನ್‌ಗೆ ಹೆಚ್ಚು ಸಮಯ ಎಂದು ಲೆಕ್ಕ ಹಾಕಿ ಮುಗಿಸಿದ್ದೆ. ಸಂಜೆ ಅಮ್ಮ ಕೇಳಿದ ಒಂದು ಪ್ರಶ್ನೆಯಿಂದ ಆ ಲೆಕ್ಕವೆಲ್ಲ ಮತ್ತೆ ಸಡಿಲವಾಗಿದೆ.

ಭಾನುವಾರ ಮಹಾಲಯ ಅಮಾವಾಸ್ಯೆ. ಎಡೆಗೆ ಬೇಕಾದ ಸಾಮಾನುಗಳ ಪಟ್ಟಿ ಬರೆಸುತ್ತಿದ್ದ ಅಮ್ಮ, ನನ್ನ ಮುಂದಿದ್ದ ನಕಾಶೆಯನ್ನು ನೋಡಿ, "ನೀನು ನೋಡಲು ಹೊರಟಿರುವ ಆ ರಾಜರಿಗೆ ಈಗ ಎಡೆ ಇಡುವವರು ಯಾರಿದ್ದಾರೆ?" ಎಂದು ಕೇಳಿದಳು. ಯಾವ ಪ್ರವಾಸ ಕೈಪಿಡಿಯೂ ಕೇಳದ ಪ್ರಶ್ನೆ ಅದು. ಬೀಜಿಂಗ್‌ನ ಉತ್ತರಕ್ಕೆ, ಬೆಟ್ಟಗಳು ಸುತ್ತುವರಿದ ಕಣಿವೆಯಲ್ಲಿ ಮಿಂಗ್ ವಂಶದ 13 ಚಕ್ರವರ್ತಿಗಳ ಸಮಾಧಿಗಳಿವೆ ಎಂದೂ, ಪ್ರತಿ ಸಮಾಧಿಯ ದಿಬ್ಬದ ಮುಂದೆ ನೈವೇದ್ಯಕ್ಕೆಂದೇ ಮಂಟಪವನ್ನು ಕಟ್ಟುತ್ತಿದ್ದರೆಂದೂ ಹೇಳಿದೆ. ಯೊಂಗ್ಲೆ ಚಕ್ರವರ್ತಿಯ ಚಾಂಗ್‌ಲಿಂಗ್‌ನಲ್ಲಿ ಆ ಮಂಟಪ, ನಾನ್‌ಮು ಮರದ ಬೃಹತ್ ಕಂಬಗಳ ಮೇಲೆ, ಇಂದಿಗೂ ನಿಂತಿದೆ. 1644ರಲ್ಲಿ ಮಿಂಗ್ ಆಳ್ವಿಕೆ ಉರುಳಿ ಚಿಂಗ್ ವಂಶ ಬಂದ ಮೇಲೂ ಅಲ್ಲಿನ ಪೂಜೆ ನಿಲ್ಲಲಿಲ್ಲ. ಯೊಂಗ್‌ಝೆಂಗ್ ಚಕ್ರವರ್ತಿಯು ಮಿಂಗ್ ಮನೆತನಕ್ಕೆ ಸೇರಿದವನೊಬ್ಬನಿಗೆ ಪದವಿ ಕೊಟ್ಟು, ಹಿರಿಯರ ಸಮಾಧಿಗಳಲ್ಲಿ ಕ್ರಿಯೆಗಳನ್ನು ನಡೆಸುವ ಹೊಣೆಯನ್ನು ಒಪ್ಪಿಸಿದ. ಅಮ್ಮನಿಗೆ ಇದು ಬಹಳ ಹಿಡಿಸಿತು. "ರಾಜ್ಯ ಕಿತ್ತುಕೊಂಡರೂ ಹಿರಿಯರ ಪಾಲನ್ನು ಕಿತ್ತುಕೊಳ್ಳಲಿಲ್ಲ, ನೋಡು" ಎಂದಳು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಒಳಗೆ ಇಳಿದು ನೋಡಲು ಬಿಡುತ್ತಾರೆಯೇ ಎಂದು ಆಕೆಯೇ ಕೇಳಿದ್ದರಿಂದ ಅದೇ ಕಣಿವೆಯ ಇನ್ನೊಂದು ಸಮಾಧಿಯಾದ ಡಿಂಗ್‌ಲಿಂಗ್‌ನ ವಿಷಯವನ್ನು ಹೇಳಬೇಕಾಯಿತು. 1620ರಲ್ಲಿ ತೀರಿಕೊಂಡ ವಾನ್‌ಲಿ ಚಕ್ರವರ್ತಿಯೂ ಅವನ ಇಬ್ಬರು ರಾಣಿಯರೂ ಅಲ್ಲಿ ಮಲಗಿದ್ದರು. 1956ರಲ್ಲಿ ಉತ್ಖನನ ಆರಂಭವಾಗಿ, ಮುಂದಿನ ವರ್ಷ ನೆಲದಾಳದ ಕಲ್ಲಿನ ಅರಮನೆಯ ಬಾಗಿಲು ತೆರೆಯಿತು. ಕಿರೀಟಗಳು, ಚಿನ್ನದ ಪಾತ್ರೆಗಳು, ರೇಷ್ಮೆಯ ಥಾನುಗಳು ಸಿಕ್ಕವು. ಗಾಳಿ ತಗುಲಿದ ರೇಷ್ಮೆಯನ್ನು ಉಳಿಸಿಕೊಳ್ಳುವ ವಿದ್ಯೆ ಆಗ ಅವರ ಕೈಯಲ್ಲಿರಲಿಲ್ಲ, ಬಹುಪಾಲು ಬಣ್ಣಗೆಟ್ಟು ಪುಡಿಯಾಗುವ ಸ್ಥಿತಿಗೆ ಬಂತು. 1966ರಲ್ಲಿ, ಸಾಂಸ್ಕೃತಿಕ ಕ್ರಾಂತಿಯ ಉನ್ಮಾದದಲ್ಲಿ, ಕೆಂಪು ಕಾವಲುಪಡೆಯ ಯುವಕರು ಮೂವರ ಅಸ್ಥಿಗಳನ್ನೂ ಹೊರಗೆಳೆದು ಸುಟ್ಟುಹಾಕಿದರು.

ಅಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಮುನ್ನೂರು ವರ್ಷಕ್ಕೂ ಮಿಕ್ಕಿ ಮಣ್ಣು ಕಾಪಾಡಿದ್ದನ್ನು ಮನುಷ್ಯರು ಹತ್ತು ವರ್ಷ ಕಾಪಾಡಲಿಲ್ಲ. ಅಲ್ಲಿಗೆ ಹೋಗಲೇಬೇಡ ಕಣೇ."

ಆ ಮಾತಿಗೆ ನನ್ನಲ್ಲಿ ಉತ್ತರವಿದೆ, ಆದರೆ ಆಕೆಯ ಮುಖ ನೋಡಿ ಆಗ ಹೇಳಲಾಗಲಿಲ್ಲ. ಡಿಂಗ್‌ಲಿಂಗ್‌ನಲ್ಲಿ ಆದ ನಷ್ಟದ ಪಾಠವನ್ನು ಕಲಿತೇ ಚೀನಾ ಸರ್ಕಾರ, ಅಪಾಯದಲ್ಲಿರುವುದನ್ನು ಉಳಿಸಿಕೊಳ್ಳಲು ಅನಿವಾರ್ಯವಾದ ಹೊರತು, ಚಕ್ರವರ್ತಿಗಳ ಸಮಾಧಿಗಳನ್ನು ಅಗೆಯಬಾರದೆಂಬ ನಿಲುವಿಗೆ ಬಂದಿತು. ಉಳಿದವು ಮಣ್ಣಿನೊಳಗೆ ಕ್ಷೇಮವಾಗಿರಲು ಕಾರಣವಾದ ಆ ಬರಿದಾದ ಕೋಣೆಗಳಲ್ಲಿ ಒಮ್ಮೆ ನಿಲ್ಲಬೇಕೆಂದು ನನಗೆ ಅನಿಸುತ್ತದೆ.

ಷಿಯಾನ್‌ನ ಭಾಗ ಸುಲಭ. ಲಿಂಟಾಂಗ್‌ನ ಮಣ್ಣಿನ ಸೈನಿಕರನ್ನು ಯಾರೂ ಬಿಡುವುದಿಲ್ಲ, ಭಾವನಂತೂ ಅದಕ್ಕಾಗಿಯೇ ಬರುತ್ತಿದ್ದಾನೆ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮೊದಲು ಕಂಡ ಆ ಸೈನ್ಯಕ್ಕಿಂತ, ಅದು ಕಾಯುತ್ತಿರುವ, ಚೀನಾದ ಮೊದಲ ಚಕ್ರವರ್ತಿ ಚಿನ್ ಷಿ ಹುವಾಂಗ್‌ನ ಸಮಾಧಿಯ ದಿಬ್ಬವೇ ನನಗೆ ಮುಖ್ಯ. ಒಳಗೆ ಪಾದರಸದ ನದಿಗಳನ್ನು ಹರಿಸಿದ್ದರೆಂದು ಪ್ರಾಚೀನ ಚೀನಾದ ಇತಿಹಾಸಕಾರ ಸಿಮಾ ಚಿಯೆನ್ ಬರೆದ. ದಿಬ್ಬದ ಮಣ್ಣಿನಲ್ಲಿ ಪಾದರಸದ ಅಂಶ ಅಸಹಜವಾಗಿ ಹೆಚ್ಚಿರುವುದನ್ನು ವಿಜ್ಞಾನಿಗಳೂ ಕಂಡಿದ್ದಾರೆ.

ಆದರೆ ಮನಸ್ಸು ಮತ್ತೆ ಮತ್ತೆ ಓಡುವುದು ಷಿಯಾನ್‌ನ ವಾಯವ್ಯಕ್ಕಿರುವ ಛಿಯೆನ್‌ಲಿಂಗ್‌ನ ಕಡೆಗೆ. ಬೆಟ್ಟವನ್ನೇ ಸಮಾಧಿಯಾಗಿಸಿಕೊಂಡು ತಾಂಗ್ ವಂಶದ ಗಾವೊಜೊಂಗ್ ಮತ್ತು ಅವನ ರಾಣಿ ವೂ ಝೆಟಿಯಾನ್ ಅಲ್ಲಿ ಜೊತೆಯಾಗಿದ್ದಾರೆ. ಚೀನಾದ ಚರಿತ್ರೆಯಲ್ಲಿ ಸ್ವಂತ ಹೆಸರಿನಲ್ಲಿ ಸಿಂಹಾಸನವೇರಿದ ಏಕೈಕ ಹೆಣ್ಣು ಆಕೆ. ಗಂಡನ ಶಾಸನದಲ್ಲಿ ಅಕ್ಷರಗಳು ತುಂಬಿವೆ, ಆಕೆಯ ಪಾಲಿನ ಕಲ್ಲನ್ನು ಬರಹವಿಲ್ಲದೆ ನಿಲ್ಲಿಸಿದರು. ಎದುರಿಗೆ ಪರದೇಶಗಳ ದೂತರ 61 ಕಲ್ಲಿನ ಮೂರ್ತಿಗಳು ಕೈಮುಗಿದು ಸಾಲಾಗಿ ನಿಂತಿವೆ, ಬಹುತೇಕ ಯಾವುದಕ್ಕೂ ತಲೆಯಿಲ್ಲ.

ಇದೇ ಗಾವೊಜೊಂಗ್ ಯುವರಾಜನಾಗಿದ್ದಾಗ, 648ರಲ್ಲಿ, ತೀರಿಕೊಂಡ ತಾಯಿಯ ನೆನಪಿಗೆ ಷಿಯಾನ್‌ನಲ್ಲಿ ವಿಹಾರವನ್ನು ಕಟ್ಟಿಸಿದ. ಹ್ಯೂಯೆನ್‌ತ್ಸಾಂಗ್ ಭಾರತದಿಂದ ಹೊತ್ತುತಂದ ಗ್ರಂಥಗಳನ್ನು ಅನುವಾದಿಸುತ್ತ ಕುಳಿತದ್ದು ಅಲ್ಲಿ. ಇಮ್ಮಡಿ ಪುಲಿಕೇಶಿಯ ನಾಡನ್ನು ಕಣ್ಣಾರೆ ಕಂಡು, ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುತ್ತಿದ್ದ ಆ ಸೈನ್ಯದ ಬಗ್ಗೆ ಬರೆದವನು ಅವನೇ, ಆ ಬರಹವನ್ನು ಒಪ್ಪಿಸಿದ್ದು ಗಾವೊಜೊಂಗ್‌ನ ತಂದೆಗೆ. ಬಾದಾಮಿಯ ದೊರೆಯ ಸುದ್ದಿ ತಲುಪಿದ್ದ ಅರಮನೆಯ ಮಗನ ಸಮಾಧಿಯ ಮುಂದೆ ನಿಲ್ಲುತ್ತೇನೆಂದು ನೆನೆದಾಗ ಈ ರಾತ್ರಿಯೂ ಎದೆ ತುಂಬುತ್ತದೆ.

ಡಿಂಗ್‌ಲಿಂಗ್‌ನ ಹೆಸರನ್ನು ಪಟ್ಟಿಯಿಂದ ಇನ್ನೂ ಹೊಡೆದುಹಾಕಿಲ್ಲ. ಅಮಾವಾಸ್ಯೆ ಕಳೆದ ಮೇಲೆ ಅಮ್ಮನೊಡನೆ ಮತ್ತೆ ಮಾತಾಡಬೇಕು. ಛಿಯೆನ್‌ಲಿಂಗ್‌ಗೆ ಹೋಗುವ ದಿನವೇ ಹಾನ್ ವಂಶದ ಚಕ್ರವರ್ತಿಯೊಬ್ಬನ ಸಮಾಧಿಯಾದ ಮಾವೊಲಿಂಗ್ ಅನ್ನೂ ಸೇರಿಸಿಕೊಳ್ಳಲಾಗುವುದೇ ಎಂದು ಕಾರಿನವರನ್ನು ವಿಚಾರಿಸಬೇಕು, ಏಕೆಂದರೆ ಅದರ ಪಕ್ಕದ ಸೇನಾಪತಿಯ ಸಮಾಧಿಯ ಬಳಿ ಶತ್ರುವನ್ನು ಕಾಲಡಿಯಲ್ಲಿ ಮೆಟ್ಟಿ ನಿಂತ ಕಲ್ಲಿನ ಕುದುರೆಯೊಂದಿದೆ.