ನೋವಿಲ್ಲ ಎಂದ ಕೈ

ಮುಂಬಯಿಯ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿಗೆ ನಾನು ನರ್ಸ್ ಆಗಿ ಸೇರಿ ಮೂರು ತಿಂಗಳಾಗಿತ್ತು. ಮಾಟುಂಗದ ಒಂದು ಹೋಟೆಲಿನಿಂದ ಇಬ್ಬರನ್ನು ಒಂದೇ ಟ್ಯಾಕ್ಸಿಯಲ್ಲಿ ಕರೆತಂದರು. ವಡೆಯ ಬಾಣಲೆ ಜಾರಿ ಕಾದ ಎಣ್ಣೆ ಅಡುಗೆ ಭಟ್ಟರ ಮುಂಗೈ ಮೇಲೆ ಬಿದ್ದಿತ್ತು. ಗಾಬರಿಯಿಂದ ಓಡಿಬಂದ ಮಾಣಿ ಸಾಂಬಾರಿನ ಪಾತ್ರೆಗೆ ಎಡವಿ ಕೈ ಸುಟ್ಟುಕೊಂಡಿದ್ದ. ಇಬ್ಬರ ಕೈಗೂ ದೋಸೆ ಹಿಟ್ಟು ಮೆತ್ತಿತ್ತು. ಅಷ್ಟು ದೊಡ್ಡ ಅಡುಗೆಮನೆಯಲ್ಲಿ ನಲ್ಲಿ ಇರಲಿಲ್ಲವೇ? ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿಗೆ ಕೈ ಒಡ್ಡುವುದನ್ನು ಬಿಟ್ಟು ಹಿಟ್ಟು, ಶಾಯಿ, ಟೂತ್‌ಪೇಸ್ಟ್ ಹಚ್ಚಿಕೊಂಡು ಬರುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮಾಣಿಯ ಅಂಗೈ ಹಿಂಭಾಗ ಕೆಂಪಗೆ ಊದಿ ಗುಳ್ಳೆ ಎದ್ದಿತ್ತು. ಗಾಳಿ ತಗುಲಿದರೂ ಚೀರುತ್ತಿದ್ದ. ಭಟ್ಟರು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. "ನನಗೆ ಅಂಚಿನಲ್ಲಿ ಸ್ವಲ್ಪ ಉರಿ, ಅಷ್ಟೇ. ಮೊದಲು ಮಾಣಿಯನ್ನು ನೋಡಿ ಸಿಸ್ಟರ್" ಎಂದರು. ನಾನು ಮಾಣಿಯನ್ನೇ ನೋಡಿದೆ, ಅರ್ಧ ಗಂಟೆ.

ಹಿರಿಯ ಸಿಸ್ಟರ್ ಬಂದವರೇ ಭಟ್ಟರ ಹತ್ತಿರ ಹೋದರು. ಹಿಟ್ಟು ತೊಳೆದಾಗ ನಡುವಿನ ಚರ್ಮ ಮೇಣದಂತೆ ಬೆಳ್ಳಗಿತ್ತು. ಬೆರಳಿನಿಂದ ಒತ್ತಿ ಬಿಟ್ಟರೂ ಬಣ್ಣ ಬದಲಾಗಲಿಲ್ಲ. ಚಿಮಟದಿಂದ ಒಂದು ಕೂದಲು ಹಿಡಿದು ಎಳೆದರು. ದೀಪದ ಎಣ್ಣೆಯಿಂದ ಬತ್ತಿ ಎತ್ತಿದಷ್ಟು ಸಲೀಸಾಗಿ ಬಂತು. ಭಟ್ಟರಿಗೆ ಗೊತ್ತೇ ಆಗಲಿಲ್ಲ.

ಸಿಸ್ಟರ್ ನನ್ನನ್ನು ಬಯ್ಯಲಿಲ್ಲ, ಪಾಠ ಮಾಡಿದರು. ಮೈಯ ಹೆಚ್ಚಿನ ಕಡೆ ಹೊರಚರ್ಮದ ದಪ್ಪ 0.1 ಮಿಲಿಮೀಟರ್ ಆಸುಪಾಸು. ಅದರಲ್ಲಿ ರಕ್ತನಾಳವೇ ಇಲ್ಲ. ರಕ್ತನಾಳ, ಬೆವರಿನ ಗ್ರಂಥಿ, ಕೂದಲಿನ ಬೇರು, ನೋವು ತಿಳಿಸುವ ನರಗಳ ಬಹುಪಾಲು ಎಲ್ಲವೂ ಕೆಳಗಿನ ಒಳಚರ್ಮದಲ್ಲಿ. ಮಾಣಿಯ ನರತುದಿಗಳು ಉಳಿದು ಬೆತ್ತಲಾಗಿದ್ದವು, ಅದಕ್ಕೇ ಚೀರಾಟ. ಭಟ್ಟರ ನರಗಳು ಒಳಚರ್ಮದ ಜೊತೆಗೇ ಬೆಂದುಹೋಗಿದ್ದವು.

ಕೂದಲಿನ ಬೇರಿನ ಗೋಡೆಗೂ ಹೊರಚರ್ಮದ ಜೀವಕೋಶಗಳೇ ಒಳಪದರ. ಗಾಯದೊಳಗೆ ಆ ಬೇರುಗಳು ಬದುಕಿದ್ದರೆ ಅಲ್ಲಲ್ಲಿಂದ ಹೊಸ ಚರ್ಮ ಹಬ್ಬಿ ಕೂಡಿಕೊಳ್ಳುತ್ತದೆ. ಮಾಣಿಯದು ಎರಡು ವಾರದಲ್ಲಿ ಮಾಯಿತು. ಭಟ್ಟರಿಗೆ ತೊಡೆಯಿಂದ ತೆಳು ಚರ್ಮ ಹೆರೆದು ಕಸಿ ಮಾಡಬೇಕಾಯಿತು. "ಸುಟ್ಟದ್ದು ಕೈ, ಉರಿಯುವುದು ತೊಡೆ. ಇದೆಂಥ ನ್ಯಾಯ ಸಿಸ್ಟರ್?" ಎಂದು ಅವರು ನಗುತ್ತಿದ್ದರು. ಹೆರೆದ ಜಾಗದಲ್ಲಿ ನರ, ಬೇರು ಎರಡೂ ಉಳಿದಿದ್ದವಲ್ಲ.

ಅಂದಿನಿಂದ ಹತ್ತಿಯ ಎಳೆಯಿಂದ ಮೆಲ್ಲಗೆ ಮುಟ್ಟುತ್ತಾ "ಎಲ್ಲಿ ಗೊತ್ತಾಗುವುದಿಲ್ಲ?" ಎಂದು ಕೇಳಿದ ಮೇಲೆಯೇ ಯಾರು ಮೊದಲು ಎಂದು ತೀರ್ಮಾನಿಸುತ್ತೇನೆ. ಚೀರುವವರ ಮನೆಯವರಿಂದ ಬೈಗುಳವೂ ಸಿಗುತ್ತದೆ.

ಮರುವರ್ಷ ಮೇ ತಿಂಗಳಲ್ಲಿ ಆ ಹೋಟೆಲಿಗೆ ಹೋಗಿದ್ದೆ. ಭಟ್ಟರು ಒಲೆಯ ಮುಂದೆ ಬೆವರಿನಲ್ಲಿ ತೊಯ್ದಿದ್ದರು. ಕಸಿಯಾದ ತುಂಡು ಮಾತ್ರ ಒಣಗಿತ್ತು. ಬೆವರೂ ಇಲ್ಲ, ಎಣ್ಣೆಯ ಪಸೆಯೂ ಇಲ್ಲ. ಗ್ರೈಂಡರ್ ಪಕ್ಕದ ತೆಂಗಿನೆಣ್ಣೆ ಬಾಟಲಿ ತೋರಿಸಿ, "ಇದಕ್ಕೆ ದಿನಾ ನಾನೇ ಒಗ್ಗರಣೆ ಹಾಕಬೇಕು" ಎಂದರು.