ಆ ದುಡ್ಡಿಗೆ ವೆಂಟಿಲೇಟರ್ ಬರುತ್ತಿರಲಿಲ್ವಾ?

ಇಲ್ಲ ಮಾರಾಯ್ರೆ, ಬರುತ್ತಿರಲಿಲ್ಲ.

ಸಂಗತಿ ಗೊತ್ತಿಲ್ಲದವರಿಗೆ ಎರಡು ಮಾತು. ಮಕ್ಕಳ ವಾರ್ಡುಗಳಿಗೆ ಚಂದಾ ಎತ್ತಿ, ಈಗಿನ ಕಲಾವಿದರಿಂದ ಹೊಸದಾಗಿ ಚಿತ್ರ ಮಾಡಿಸಿ ಕೂರಿಸುವುದು ನಮ್ಮ ಕೆಲಸ. ಉದ್ಘಾಟನೆ ಮುಗಿದು ಚಹಾ ಬರುವ ಹೊತ್ತಿಗೆ ಯಾರಾದರೊಬ್ಬರು ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೇಳುವುದು ಇದನ್ನೇ: "ಎಲ್ಲ ಚೆಂದ ಉಂಟು. ಆದರೆ ಆ ದುಡ್ಡಿಗೆ ಒಂದು ವೆಂಟಿಲೇಟರ್ ಬರುತ್ತಿರಲಿಲ್ವಾ?" ಯಾವಾಗಲೂ ವೆಂಟಿಲೇಟರೇ. ಕಕ್ಕಸಿನ ಬಾಗಿಲಿಗೆ ಚಿಲಕ ಬರುತ್ತಿರಲಿಲ್ವಾ ಎಂದು ಕೇಳಿದವರಿಲ್ಲ. ಕೇಳಿದ್ದರೆ ನಾನು ಬಾಯಿ ಮುಚ್ಚುತ್ತಿದ್ದೆ.

ನಮ್ಮ ಕಾಸರಗೋಡಿನಲ್ಲಿ ಇದಕ್ಕೆ ಇನ್ನೊಂದು ರೂಪ ಉಂಟು: "ಮೊದಲು ಆಸ್ಪತ್ರೆ ಆಗಲಿ, ಚಿತ್ರ ಮತ್ತೆ." ಅದರ ಹಿಂದಿನ ಸಿಟ್ಟು ನ್ಯಾಯವಾದದ್ದೇ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ, ಆಮೇಲೆ ವರ್ಷಗಟ್ಟಲೆ ಕಾದದ್ದೇ ಬಂತು. ಮಗುವಿಗೆ ಸ್ವಲ್ಪ ಜೋರಾದರೆ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಓಡುವುದು ನಮಗೆ ರೂಢಿಯೇ ಆಗಿಹೋಗಿದೆ. ಆದರೆ ಕಾಲೇಜಿನ ದುಡ್ಡನ್ನು ಯಾವ ಚಿತ್ರಕಾರನೂ ಬಣ್ಣದ ಡಬ್ಬಿಗೆ ಸುರಿದುಕೊಂಡಿಲ್ಲ.

ಈಗ ವೆಂಟಿಲೇಟರಿನ ಲೆಕ್ಕ. ಯಂತ್ರ ಒಂದೇ ಬಂದರೆ ಅದು ಮೂಲೆಯ ಕಪಾಟು. ಅದಕ್ಕೆ ಆಕ್ಸಿಜನ್ ಲೈನ್ ಬೇಕು, ಒತ್ತಡದ ಗಾಳಿ ಬೇಕು, ಯುಪಿಎಸ್ ಬೇಕು, ಮಕ್ಕಳ ಅಳತೆಯ ಟ್ಯೂಬುಗಳು ಬೇಕು, ವರ್ಷಾವರ್ಷ ಸರ್ವಿಸ್ ಬೇಕು, ಮೂರು ಪಾಳಿಯಲ್ಲೂ ಅದನ್ನು ನಡೆಸಬಲ್ಲ ಸಿಸ್ಟರ್ ಬೇಕು. ದಾನಿಗಳು ಕೊಡುವುದು ಯಂತ್ರ, ತೆಗೆಸಿಕೊಳ್ಳುವುದು ಫೋಟೋ. ಬಡ ದೇಶಗಳ ಆಸ್ಪತ್ರೆಗಳಲ್ಲಿ ವೈದ್ಯಕೀಯ ಉಪಕರಣಗಳ ಸುಮಾರು 40% ಕೆಟ್ಟು ಕೂತಿದೆ ಎಂದು 16 ದೇಶಗಳ ಪಟ್ಟಿ ನೋಡಿದ ಒಂದು ಅಧ್ಯಯನ 2011ರಲ್ಲಿ ಹೇಳಿತ್ತು. ಕೇರಳದ ಸರಕಾರಿ ಆಸ್ಪತ್ರೆಗಳಿಗೆ ಮದ್ದು, ಯಂತ್ರ ಕೊಳ್ಳಲಿಕ್ಕೆಂದೇ ಮೆಡಿಕಲ್ ಸರ್ವಿಸಸ್ ಕಾರ್ಪೊರೇಷನ್ ಉಂಟು. ಆ ಪ್ರಶ್ನೆಯನ್ನು ಅಲ್ಲಿ ಕೇಳಬಹುದು. ಅಲ್ಲಿ ಚಹಾ ಕೊಡುವುದಿಲ್ಲ, ಅಷ್ಟೇ.

ಹಾಗಂತ ಚಿತ್ರ ನೋಡಿ ಜ್ವರ ಇಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮವರಲ್ಲೇ ಕೆಲವರು ಚಂದಾ ಕೇಳುವಾಗ ಹಾಗೆ ಹೇಳುತ್ತಾರೆ, ಅದು ನನಗೆ ವೆಂಟಿಲೇಟರ್ ಪ್ರಶ್ನೆಗಿಂತ ಹೆಚ್ಚು ಕಿರಿಕಿರಿ. ಅವರು ಹಿಡಿದುಕೊಳ್ಳುವುದು ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನ. ಅರ್ಧ ಮಂದಿಯ ಕಿಟಕಿಗೆ ಮರ ಕಾಣುತ್ತಿತ್ತು, ಅರ್ಧ ಮಂದಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಜೋರಿನ ನೋವಿನ ಮದ್ದೂ ಮರದವರಿಗೆ ಕಡಿಮೆ ಸಾಕಾಯಿತು. ಒಳ್ಳೆಯ ಅಧ್ಯಯನ. ಆದರೆ ಅವರು ದೊಡ್ಡವರು, ನೋಡಿದ್ದು ಕಿಟಕಿ. ಇದನ್ನಿಟ್ಟುಕೊಂಡು ಮಕ್ಕಳ ವಾರ್ಡಿನ ಚಿತ್ರಕ್ಕೆ ರಶೀದಿ ಹರಿಯುವುದು ಸರಿಯಲ್ಲ.

ಚಿತ್ರದಿಂದ ಆಗುವ ಉಪಕಾರ ಸಣ್ಣದು, ಆದರೆ ಕಣ್ಣಿಗೆ ಕಾಣುವಂಥದ್ದು. ಕ್ಯಾನುಲಾ, ಅಂದರೆ ಮದ್ದಿಗೆಂದು ನರಕ್ಕೆ ಚುಚ್ಚುವ ಸಣ್ಣ ಕೊಳವೆ, ಹಾಕುವ ಕೋಣೆಯನ್ನೇ ತೆಗೆದುಕೊಳ್ಳಿ. ಮಗು ಅಮ್ಮನ ಮಡಿಲಲ್ಲಿ ಕೂತಿರುತ್ತದೆ, ಒಂದು ಕೈ ಸಿಸ್ಟರ್ ಹತ್ತಿರ. ನೋಡಬಾರದ್ದು ಸೂಜಿ, ಆದ್ದರಿಂದ ನೋಡಬೇಕಾದ್ದು ಎದುರು ಬದಿಯಲ್ಲಿರಬೇಕು. ಯಾವ ಕೈಯಲ್ಲಿ ನರ ಸಿಗುತ್ತದೆಂದು ಮೊದಲೇ ಹೇಳಲಾಗದು, ಹಾಗಾಗಿ ಎರಡೂ ಬದಿಗೆ ಒಂದೊಂದು ಪ್ಯಾನೆಲ್. ಮಡಿಲಲ್ಲಿ ಕೂತ ಮಗುವಿನ ಕಣ್ಣು ನೆಲದಿಂದ ಸುಮಾರು ಮೂರಡಿ. ನಿಂತವರ ಎತ್ತರಕ್ಕೆ ಚಿತ್ರ ತೂಗು ಹಾಕಿದರೆ ಅದು ಡಾಕ್ಟರಿಗೆ ಮಾತ್ರ. ಚಿತ್ರದೊಳಗೆ ಹುಡುಕಲಿಕ್ಕೆ ಏನಾದರೂ ಇರಬೇಕು: ಕೆಸುವಿನ ಎಲೆಗಳ ನಡುವೆ ಐದಾರು ಕಪ್ಪೆ, ಅದರಲ್ಲಿ ಒಂದು ಮಾತ್ರ ಬೇಗ ಸಿಗಬಾರದು. ಎರಡು ಮೂರು ನಿಮಿಷ ಹಿಡಿದಿಟ್ಟರೆ ಸಾಕು, ಸಿಸ್ಟರ್ ಕೆಲಸ ಮುಗಿಯುತ್ತದೆ. "ಕಪ್ಪೆ ಎಲ್ಲಿ?" ಎಂದೂ ಕೇಳಬಹುದು, "ತವಳ ಎವಿಡೆ?" ಎಂದು ಮಲಯಾಳದಲ್ಲೂ ಕೇಳಬಹುದು. ಸಪ್ತಭಾಷೆಗಳ ಊರಿನಲ್ಲಿ ಚಿತ್ರದ ಮೇಲೆ ಅಕ್ಷರ ಬರೆಯದಿರುವುದೇ ಕ್ಷೇಮ. ಮಲಯಾಳವೂ ಕನ್ನಡವೂ ಓದಲು ಬಾರದ ಅಜ್ಜಿಗೆ "ನೀಲಿ ಮೀನಿನ ಬಾಗಿಲು ದಾಟಿ ಎಡಕ್ಕೆ" ಎಂದರೆ ಎಕ್ಸ್‌ರೇ ಕೋಣೆ ಸಿಗಬೇಕು.

"ಹಾಗಾದರೆ ಛೋಟಾ ಭೀಮ್ ಬರೆಸಿ, ಅಗ್ಗ." ಇದು ಎರಡನೆಯ ಪ್ರಶ್ನೆ. ಆ ಗೊಂಬೆಗಳಿಗೆಲ್ಲ ಒಡೆಯರಿದ್ದಾರೆ, ಅನುಮತಿ ಇಲ್ಲದೆ ಬರೆಯುವುದು ಕಾಪಿರೈಟ್ ಉಲ್ಲಂಘನೆ. ಹದಿಮೂರು ವರ್ಷದ ಹುಡುಗಿಗೆ ಭೀಮ ಬೇಡ ಎಂಬುದು ಬೇರೆ ಮಾತು. ಮೂರನೆಯದು ನಮ್ಮ ಊರಿನ ಅಭಿಮಾನದ್ದು: "ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ ಇದು, ಯಕ್ಷಗಾನದ ವೇಷ ಬರೆಸಿ." ಕಿರೀಟ ವೇಷ ಆಗಬಹುದು. ಆದರೆ ಎಲ್ಲರ ಮನಸ್ಸಿನಲ್ಲಿರುವುದು ಮುಖದ ತುಂಬ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ರಾಕ್ಷಸರ ಬಣ್ಣದ ವೇಷ. ಆಟದಲ್ಲಿ ಅದು ಪಂಜಿನ ಬೆಳಕಲ್ಲಿ ಬಂದಾಗ ಆರೋಗ್ಯವಂತ ಮಕ್ಕಳೇ ಅಜ್ಜನ ಮಡಿಲಿಗೆ ಹೊಕ್ಕುತ್ತವೆ. 103 ಡಿಗ್ರಿ ಜ್ವರದಲ್ಲಿ ರಾತ್ರಿ ಎರಡು ಗಂಟೆಗೆ ಕಣ್ಣು ಬಿಟ್ಟ ಮಗುವಿಗೆ ಆ ಮುಖ ಯಾಕೆ? ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 4ರಿಂದ 16 ವರ್ಷದ 250ಕ್ಕೂ ಹೆಚ್ಚು ಮಕ್ಕಳನ್ನು ಕೇಳಿದಾಗ ಆಸ್ಪತ್ರೆ ಗೋಡೆಯ ಜೋಕರ್ ಚಿತ್ರ ಅವರಲ್ಲಿ ಯಾರಿಗೂ ಹಿಡಿಸಲಿಲ್ಲ. ದೊಡ್ಡ ಮಕ್ಕಳಿಗೂ ಅದು ಹೆದರಿಕೆ. ದೊಡ್ಡವರು ಮಕ್ಕಳಿಗೆಂದು ಆರಿಸುವುದಕ್ಕೂ ಮಕ್ಕಳಿಗೆ ಬೇಕಾದ್ದಕ್ಕೂ ಅಷ್ಟು ದೂರ.

ಬಣ್ಣದ ವಿಷಯದಲ್ಲಿ ಕಲಾವಿದರು ಸಿಟ್ಟಾಗುವುದು ಒಂದೇ ಕಡೆ, ನವಜಾತ ಶಿಶುಗಳ ವಾರ್ಡಿನಲ್ಲಿ. ಮಗುವಿನ ಹತ್ತಿರದ ಗೋಡೆಗೆ ಗಾಢ ಹಳದಿ, ಗಾಢ ನೀಲಿ ಬೇಡವೇ ಬೇಡ. ಗೋಡೆಯ ಹಳದಿ ಮಗುವಿನ ಚರ್ಮದ ಮೇಲೆ ಪ್ರತಿಫಲಿಸಿದರೆ ಕಾಮಾಲೆ ಉಂಟೋ ಇಲ್ಲವೋ ಎಂದು ಡಾಕ್ಟರಿಗೆ ತಿಳಿಯುವುದಿಲ್ಲ. ನೀಲಿ ಬಿದ್ದರೆ ಉಸಿರು ಸಾಲದೆ ಮಗು ನೀಲಿಗಟ್ಟಿದೆಯೋ ಎಂಬ ಗುಮಾನಿ. ಅಲ್ಲಿ ಚಿತ್ರ ಬೇಕಿದ್ದರೆ ಅಮ್ಮಂದಿರು ಕಾಯುವ ಓಣಿಯಲ್ಲಿ ಹಾಕಿ. ಆ ಓಣಿಯಲ್ಲಿ ಕೂರುವವರಿಗೆ ಅದರ ಅಗತ್ಯ ಹೆಚ್ಚು.

ನಿಜ ಹೇಳಬೇಕೆಂದರೆ, ವೆಂಟಿಲೇಟರ್ ಬದಲು ಜನ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಉಂಟು. ಇದನ್ನು ಒರೆಸುವವರು ಯಾರು, ಎಂತದರಲ್ಲಿ? ಐದು ವರ್ಷದ ಮೇಲೆ ಕಳಚುವವರು ಯಾರು?

ಒರೆಸುವುದು ಕ್ಲೀನಿಂಗಿನ ಅಕ್ಕಂದಿರು. ದಿನಾ ಸೋಪಿನ ನೀರು, ರಕ್ತ ಅಥವಾ ವಾಂತಿ ಸಿಡಿದರೆ 1% ಹೈಪೋಕ್ಲೋರೈಟ್, ಅಂದರೆ ಬ್ಲೀಚಿನ ದ್ರಾವಣ. ಕ್ಯಾನ್ವಾಸು, ಬಟ್ಟೆ, ಸೆಣಬು ಇದಕ್ಕೆ ತಾಳುವುದಿಲ್ಲ, ವಾರ್ಡಿನೊಳಗೆ ಅವು ಬೇಡ. ಮೂಲ ಚಿತ್ರವನ್ನು ಕಲಾವಿದರ ಹತ್ತಿರವೇ ಬಿಟ್ಟು, ಅದನ್ನು 3 ಮಿ.ಮೀ. ಅಲ್ಯುಮಿನಿಯಂ ಕಾಂಪೊಸಿಟ್ ಹಲಗೆಯ (ಎರಡು ತೆಳು ತಗಡಿನ ನಡುವೆ ತಿರುಳು ತುಂಬಿದ್ದು) ಮೇಲೆ ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಯುವಿ ಶಾಯಿಯಲ್ಲಿ ಮುದ್ರಿಸಿ, ಮೇಲೆ ಹಳದಿಗಟ್ಟದ ಜಾತಿಯ ಪಾರದರ್ಶಕ ಪಾಲಿಯುರೆಥೇನ್ ಹೊಡೆಸುವುದು ಸುಲಭದ ದಾರಿ. ಹಲಗೆ ಬೆಂಕಿ ತಡೆಯುವ ದರ್ಜೆಯದ್ದೇ ಆಗಬೇಕು. ಒಳಗೆ ಬರೀ ಪಾಲಿಥಿನ್ ತುಂಬಿದ ಅಗ್ಗದ್ದು ಚೆನ್ನಾಗಿ ಉರಿಯುತ್ತದೆ. ಕತ್ತರಿಸಿದ ಅಂಚನ್ನು ಸಿಲಿಕೋನಿನಿಂದ ಮುಚ್ಚದಿದ್ದರೆ ಹೈಪೋಕ್ಲೋರೈಟ್ ಅಲ್ಲಿಂದ ಒಳಗೆ ಹೊಕ್ಕು ಅಲ್ಯುಮಿನಿಯಂ ತಿನ್ನುತ್ತದೆ, ಪದರ ಬಿಡುತ್ತದೆ. ಆರ್ಡರ್ ಕೊಡುವ ಮೊದಲು ಅಂಗೈಯಗಲದ ತುಂಡೊಂದನ್ನು ತರಿಸಿ, ಅದೇ 1% ದ್ರಾವಣದಲ್ಲಿ ನೂರು ಸಲ ಒರೆಸಿ ನೋಡಿ. ಬಣ್ಣ ಬಟ್ಟೆಗೆ ಬಂದರೆ ಮುದ್ರಕರಿಗೆ ನಮಸ್ಕಾರ.

ಚಿತ್ರಕ್ಕೆ ಚೌಕಟ್ಟು ಹಾಕಿ ಮೇಲೆ ಮುಚ್ಚುವುದಾದರೆ ಗಾಜು ಬೇಡ, ಅಕ್ರಿಲಿಕ್ ಹಾಳೆ ಸಾಕು. 4 ಮಿ.ಮೀ. ಗಾಜು ಚದರ ಮೀಟರಿಗೆ 10 ಕಿಲೋ, 3 ಮಿ.ಮೀ. ಅಕ್ರಿಲಿಕ್ 3.6 ಕಿಲೋ. ಈ ತೂಕ ಮುಖ್ಯ, ಯಾಕೆಂದರೆ ನಮ್ಮ ಹಳೆಯ ಆಸ್ಪತ್ರೆಗಳ ಗೋಡೆ ಕೆಂಪುಕಲ್ಲಿನದ್ದು. ಡ್ರಿಲ್ ಸಾರಣೆ ದಾಟಿದ ಕೂಡಲೇ ಕಲ್ಲಿನ ಟೊಳ್ಳಿಗೆ ಬೀಳುತ್ತದೆ, ಪ್ಲಗ್ ಹಾಕಿದರೆ ಸ್ಕ್ರೂ ಜೊತೆಗೇ ತಿರುಗುತ್ತದೆ. ಉದ್ದದ ಪ್ಲಗ್, ಇಲ್ಲವೇ ಜಾಲರಿ ಕೊಳವೆಯೊಳಗೆ ಅಂಟು ತುಂಬಿ ಬಿಗಿಮಾಡುವ ಕೆಮಿಕಲ್ ಆ್ಯಂಕರ್ ಬೇಕು. ಸ್ಕ್ರೂವಿನ ತಲೆ ಸಾಮಾನ್ಯ ಸ್ಕ್ರೂಡ್ರೈವರಿಗೆ ಬಗ್ಗದ್ದು ಇರಲಿ. ಹಲಗೆಯ ಹಿಂದೆ ಬೆರಳು ತೂರುವ ಸಂದು ಬಿಟ್ಟರೆ ಒಂದು ಮಳೆಗಾಲದಲ್ಲಿ ಅಲ್ಲಿ ಹಲ್ಲಿ, ಜೇಡ, ಬೂಸ್ಟು ಮೂರೂ ಸಂಸಾರ ಹೂಡುತ್ತವೆ, ಸೋಂಕು ನಿಯಂತ್ರಣ ಸಮಿತಿಯವರು ಕಳಚಿ ಎನ್ನುತ್ತಾರೆ, ಅವರು ಹೇಳುವುದು ಸರಿ. ಕಳಚಿ ಬೀಳಬಲ್ಲ ಬಿಡಿ ಭಾಗ ಇದ್ದರೆ ಆಟಿಕೆಯ ಪರೀಕ್ಷೆಯೇ ಇದಕ್ಕೂ: 31.7 ಮಿ.ಮೀ. ಅಗಲದ ಕೊಳವೆಯೊಳಗೆ ಪೂರ್ತಿ ಹೊಕ್ಕುವ ಯಾವುದೂ ಮಗುವಿನ ಕೈಗೆ ಸಿಗಬಾರದು.

ಗೋಡೆಗೇ ನೇರ ಬರೆಯುವುದಾದರೆ ಹೊಸ ಸಾರಣೆ 28 ದಿನ ಒಣಗಲಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪಿನಿಂದ ಅಂಟಿಸಿ 16 ಗಂಟೆ ಬಿಡಿ. ಒಳಗೆ ಬೆವರಿದ್ದರೆ ಕುಂಚ ಮುಟ್ಟಬೇಡಿ. ಹಿಂಗಾರಿನ ತುಲಾಮಳೆ ಮುಗಿಯದೆ ಶುರು ಮಾಡಿದವರ ಗೋಡೆಯಲ್ಲಿ ಉಪ್ಪು ಬಿಳಿ ಹುಡಿಯಾಗಿ ಹೊರಬಂದು ಚಿತ್ರ ಹಪ್ಪಳದಂತೆ ಏಳುತ್ತದೆ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ 2017ರಿಂದ ಉಂಟು. ಆದರೆ ಕೆಲವು ಕಲಾವಿದರು ಹೊಳಪಿಗೆಂದು ಯಂತ್ರಗಳಿಗೆ ಹೊಡೆಯುವ ಕೈಗಾರಿಕಾ ಪೇಂಟ್ ತರುತ್ತಾರೆ, ಆ ನಿಯಮ ಅದಕ್ಕಲ್ಲ. ಡಬ್ಬಿ ಓದಿ.

ಕಳಚುವ ಮಾತನ್ನು ಯಾರೂ ಆಡುವುದಿಲ್ಲ, ಉದ್ಘಾಟನೆಯ ದಿನ ಅಪಶಕುನವಂತೆ. ದಿಲ್ಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲರ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರನ್ನು ಕೇಳದೆ ಕಿತ್ತು ಗೋದಾಮಿಗೆ ಹಾಕಿದರು. ಕೇಸು ನಡೆದು 2005ರಲ್ಲಿ ಹೈಕೋರ್ಟು ಶಿಲ್ಪವನ್ನೂ 5 ಲಕ್ಷ ರೂಪಾಯಿಯನ್ನೂ ಕಲಾವಿದರಿಗೆ ಕೊಡಿಸಿತು. ಆದ್ದರಿಂದ ಒಪ್ಪಂದದಲ್ಲೇ ಬರೆದುಬಿಡಿ: ಎಷ್ಟು ವರ್ಷ, ವಾರ್ಡು ಒಡೆಯುವುದಿದ್ದರೆ ಎಷ್ಟು ದಿನ ಮೊದಲು ಕಲಾವಿದರಿಗೆ ತಿಳಿಸಬೇಕು, ಕಳಚುವ ಖರ್ಚು ಯಾರದು. ಪ್ಯಾರಿಸಿನ ನೆಕ್ಕರ್ ಮಕ್ಕಳ ಆಸ್ಪತ್ರೆಯ ಹೊರಗಿನ ಮೆಟ್ಟಿಲ ಗೋಪುರಕ್ಕೆ ಅಮೆರಿಕದ ಚಿತ್ರಕಾರ ಕೀತ್ ಹೇರಿಂಗ್ 1987ರಲ್ಲಿ 27 ಮೀಟರ್ ಎತ್ತರದ ಚಿತ್ರ ಬರೆದರು. ಮುಂದೆ ಆ ಕಟ್ಟಡ ಕೆಡವಿದಾಗ ಗೋಪುರವನ್ನು ಮಾತ್ರ ಉಳಿಸಿದರು, 2017ರಲ್ಲಿ ದುರಸ್ತಿ ಆಯಿತು, ಅದಕ್ಕೆ ಬೇರೆಯೇ ದೇಣಿಗೆ ಎತ್ತಬೇಕಾಯಿತು. ಪುಕ್ಕಟೆ ಬಂದ ಚಿತ್ರಕ್ಕೂ ಮುಂದೆ ಬಿಲ್ಲು ಇರುತ್ತದೆ.

ಹಾಗಾಗಿ ಚಂದಾದ ನೂರು ರೂಪಾಯಿಯಲ್ಲಿ ನನ್ನ ಲೆಕ್ಕ ಹೀಗೆ: ಕಲಾವಿದರಿಗೆ 30, ಹಲಗೆ ಮತ್ತು ಮುದ್ರಣಕ್ಕೆ 35, ಗೋಡೆ ಸರಿಮಾಡಿ ಕೂರಿಸಲು 15, ಉಳಿದ 20 ಬ್ಯಾಂಕಿನಲ್ಲಿ, ದುರಸ್ತಿಗೆ ಮತ್ತು ಕಳಚಲಿಕ್ಕೆ. "ಕಲಾವಿದರು ಸೇವೆ ಅಂತ ಮಾಡಲಿ" ಎನ್ನುವವರು ಎಲೆಕ್ಟ್ರಿಷಿಯನ್ನಿಗೆ ಹಾಗೆ ಹೇಳಿ ನೋಡಲಿ. ಮೇಲಾಗಿ 80ಜಿ ಎಂದು ಹೆಸರಾದ, ದೇಣಿಗೆಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ ಹಣ ಕೊಟ್ಟವರಿಗೆ ಮಾತ್ರ, ಚಿತ್ರ ಕೊಟ್ಟವರಿಗಿಲ್ಲ. ನಗದಾದರೆ 2000 ರೂಪಾಯಿ ಮೀರಿದ್ದಕ್ಕೂ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ, ಇದನ್ನು ಮೊದಲೇ ಹೇಳಿಬಿಡಿ. ಬಿರಿಯಾಣಿ ಮಾರಿ ದುಡ್ಡು ಎತ್ತುವ ಬಿರಿಯಾಣಿ ಚಾಲೆಂಜ್ ಮಾಡಬಹುದು, ಆದರೆ ಬಿರಿಯಾಣಿ ತಿಂದವರು 80ಜಿ ರಶೀದಿ ಕೇಳಿದರೆ ಕೊಡಬೇಡಿ. ಅವರು ಕೊಟ್ಟದ್ದು ಬಿರಿಯಾಣಿಯ ಕ್ರಯ. ಲಕ್ಕಿ ಕೂಪನ್ ಬೇಡ, ಕೇರಳದಲ್ಲಿ ಲಾಟರಿ ಸರಕಾರದ ಬಾಬ್ತು. ಭಾರತದ ಪಾಸ್‌ಪೋರ್ಟಿನ ದುಬಾಯಿ ಬಾವ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದ ಬಾವನದ್ದಾದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯಿದೆಯ ನೋಂದಣಿ ಇಲ್ಲದೆ ಮುಟ್ಟಬೇಡಿ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಯ ಖರ್ಚಿನ) ಪಟ್ಟಿಯಲ್ಲಿ ಕಲೆಯ ಕಲಮು ಸಾಂಪ್ರದಾಯಿಕ ಕಲೆ, ಕರಕುಶಲದ ಕಡೆಗೆ ವಾಲಿದೆ, ಹೊಸ ಚಿತ್ರಕ್ಕೆ ಅಲ್ಲಿ ಜಗ್ಗಾಟ. ಆರೋಗ್ಯದ ಕಲಮಿನಡಿ ಅರ್ಜಿ ಹಾಕಿ.

ಒಂದು ವಿಷಯದಲ್ಲಿ ನಾನು ಜಗಳಕ್ಕೇ ನಿಲ್ಲುತ್ತೇನೆ. ರಶೀದಿ ಪುಸ್ತಕದ ಮೇಲೆ, ಬ್ಯಾನರಿನ ಮೇಲೆ ಕಾಯಿಲೆಯ ಮಗುವಿನ ಫೋಟೋ ಬೇಡ. ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು 2000ದಲ್ಲಿ ನಿಂತಿತು, ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಆ ನಡುವೆ ಇಲ್ಲಿನ ಎಣ್ಮಕಜೆಯ, ಮುಳಿಯಾರಿನ ಸಂತ್ರಸ್ತ ಮಕ್ಕಳ ಮುಖಗಳನ್ನು ಊರೂರು ನೋಡಿತು. ವಿದ್ಯಾನಗರದ ಜಿಲ್ಲಾ ಪಂಚಾಯತ್ ಆವರಣದಲ್ಲಿ ಇದೇ ಜಿಲ್ಲೆಯ ಕಾನಾಯಿ ಕುಂಞಿರಾಮನ್ ಮಾಡಿದ ತಾಯಿ-ಮಗುವಿನ ಶಿಲ್ಪ ಉಂಟಲ್ಲ, ವರ್ಷಗಟ್ಟಲೆ ಅರ್ಧಕ್ಕೆ ನಿಂತು ಆಮೇಲೆ ಪೂರ್ತಿಯಾದದ್ದು. ಅದರಲ್ಲಿ ಯಾವ ಮಗುವಿನ ಗುರುತೂ ಇಲ್ಲ, ಆದರೂ ಯಾರ ಕತೆಯೆಂದು ಯಾರೂ ಕೇಳಬೇಕಾಗಿಲ್ಲ. ಬ್ಯಾನರಿನಲ್ಲಿ ಚಿತ್ರದ ನಕ್ಷೆ ಹಾಕಿ, ಒಂದೊಂದು ಪ್ಯಾನೆಲಿಗೆ ಎಷ್ಟು ಖರ್ಚೆಂದು ಬರೆಯಿರಿ. ಜನ ಕೊಡುತ್ತಾರೆ.

ಕೊಟ್ಟವರ ಹೆಸರು ಎಲ್ಲಿ ಬರುತ್ತದೆ ಎಂದು ಕೇಳುವವರಿಗೂ ಇಲ್ಲೇ ಉತ್ತರ. ಬಾಗಿಲ ಪಕ್ಕ ಎ4 ಅಳತೆಯ ಒಂದು ಫಲಕ, ಎಲ್ಲರ ಹೆಸರೂ ಒಂದೇ ಗಾತ್ರದಲ್ಲಿ, ಕಲಾವಿದರದ್ದು ಸೇರಿ. ಚಿತ್ರದ ಮೇಲೆ ಯಾರ ಹೆಸರೂ ಇಲ್ಲ. ತೀರಿಹೋದ ಮಾವನ ಫೋಟೋ ಸಮೇತ ಗ್ರಾನೈಟಿನಲ್ಲಿ ಕೆತ್ತಿಸಲೇಬೇಕು ಎನ್ನುವವರು ವೆಂಟಿಲೇಟರ್ ಕೊಡಿಸಬಹುದು.